ಹನ್ನೊಂದು ದಿನ ಸೋಸಿದ ರಸ

ನನ್ನ ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಉಳಿಯದ ವರ್ಷ ನಮ್ಮ ಮನೆಯಲ್ಲಿ ಹಣ್ಣಿನ ರಸದ ಜಗಳ ಶುರುವಾಯಿತು. ಅದಕ್ಕೆ ಮೊದಲು ನಾವಿಬ್ಬರೂ ಚೆನ್ನಾಗಿದ್ದೆವು ಎಂದಲ್ಲ. ಇಳಕಲ್ಲಿನ ಈ ಮನೆಗೆ ನಾನು ಸೊಸೆಯಾಗಿ ಬಂದು ಆಗಲೇ ಇಪ್ಪತ್ಮೂರು ವರ್ಷವಾಗಿತ್ತು. ಅಷ್ಟೂ ವರ್ಷ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಗುಡೂರಾಕಿ’ ಎನ್ನುತ್ತಿದ್ದರು. ಗುಡೂರು ನನ್ನ ತವರು. ನಮ್ಮದೂ ನೇಕಾರರ ಮನೆತನವೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಹಾಗಾಗಿ ಮದುವೆಯಾಗಿ ಬಂದಾಗ ನನಗೆ ಲಾಳಿ ಎಸೆಯುವುದಿರಲಿ, ಹರಿದ ಎಳೆಗೆ ಗಂಟು ಹಾಕುವುದೂ ಬರುತ್ತಿರಲಿಲ್ಲ. ಅತ್ತೆ ಕಲಿಸಿದರು. ಕಲಿಸುವಾಗ ಬೆರಳ ಮೇಲೆ ಹೊಡೆದರು. ನಾನು ನೆಯ್ದದ್ದನ್ನು ಮನೆಗೆ ಬಂದವರ ಮುಂದೆ ಹಿಡಿದು ತೋರಿಸಿ ನಕ್ಕರು. ಎರಡು ವರ್ಷದಲ್ಲಿ ನಾನು ಅವರಷ್ಟೇ ಚೆನ್ನಾಗಿ ನೆಯ್ಯತೊಡಗಿದೆ. ಆಗ ನಗುವುದನ್ನು ಬಿಟ್ಟರು, ಚುಚ್ಚುವುದನ್ನು ಬಿಡಲಿಲ್ಲ.

ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲು ಆಗದೇ ಉಳಿದದ್ದು ಒಂದೇ. ಮದುವೆಯಾದ ಆರನೇ ವರ್ಷ ಗುಡೂರಿನಿಂದ ಅಣ್ಣ ಫೋನ್ ಮಾಡಿ, ಅವ್ವನಿಗೆ ಭಾಳ ಆರಾಮಿಲ್ಲ, ನಿನ್ನನ್ನೇ ಕೇಳುತ್ತಿದ್ದಾಳೆ, ಕೂಡಲೇ ಬಾ ಎಂದ. ನನ್ನ ಮಗ್ಗದ ಮೇಲೆ ಲಗ್ನದ ಸೀರೆಯೊಂದಿತ್ತು, ಅದರ ಸೆರಗು ಬಾಕಿ ಇತ್ತು. ನಾನು ಚೀಲಕ್ಕೆ ಎರಡು ಬಟ್ಟೆ ತುರುಕಿಕೊಂಡು ಬಾಗಿಲಿಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

“ಸೆರಗ ಮುಗಿಸಿ ಹೋಗು,” ಅಂದರು. “ನಿಮ್ಮವ್ವ ಎಲ್ಲೂ ಓಡಿ ಹೋಗೂದಿಲ್ಲ.”

ನಾನು ಹಿಂದೆ ಬಂದು ಮಗ್ಗದಲ್ಲಿ ಕುಳಿತೆ. ಆ ವಯಸ್ಸಿಗೆ ಎದುರು ಮಾತಾಡುವ ಧೈರ್ಯ ಬಂದಿರಲಿಲ್ಲ. ಒಂದೂವರೆ ದಿನ ನೆಯ್ದೆ. ಇಳಕಲ್ಲಿನಿಂದ ಗುಡೂರಿಗೆ ಬಸ್ಸಿನಲ್ಲಿ ಒಂದು ತಾಸು ಸಾಕು. ನಾನು ಇಳಿದು ಓಣಿಗೆ ತಿರುಗಿದಾಗ ನಮ್ಮ ಮನೆಯ ಮುಂದೆ ಜನ ಕೂತಿದ್ದರು. ಅವ್ವ ಬೆಳಗಿನ ಜಾವವೇ ಹೋಗಿದ್ದಳು. ಅವಳ ಬಾಯಿಗೆ ಕೊನೆಯ ನೀರು ಬಿಟ್ಟವಳು ಪಕ್ಕದ ಮನೆಯ ಹೆಂಗಸು.

ಅಂದಿನಿಂದ ನಾನು ಅತ್ತೆಗೆ ಉಣ್ಣಲು ಬಡಿಸಿದ್ದೇನೆ, ಬಟ್ಟೆ ಒಗೆದಿದ್ದೇನೆ, ಹಬ್ಬದ ದಿನ ಕಾಲಿಗೆ ಬಿದ್ದಿದ್ದೇನೆ. ಒಂದು ದಿನವೂ ಅವರ ಒಳಿತನ್ನು ಬಯಸಿದವಳಲ್ಲ. ಬರೆಯುವುದೇ ಆದರೆ ಖರೆ ಬರೆಯಬೇಕು ಎಂದು ಇದನ್ನು ಹೇಳುತ್ತಿದ್ದೇನೆ.

ಅತ್ತೆಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಗುಳಿಗೆ ನುಂಗುತ್ತಿದ್ದರು. ಅದರ ಜೊತೆ ತಂಬಾಕಿನ ಚಟ. ಒಸಡು ಕೊಳೆತು, ಇದ್ದ ಹಲ್ಲುಗಳೆಲ್ಲ ಅಲುಗಾಡತೊಡಗಿದಾಗ ನನ್ನ ಭಾವ ಅವರನ್ನು ಬಾಗಲಕೋಟೆಗೆ ಕರೆದುಕೊಂಡು ಹೋದರು. ಭಾವ ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ, ವಿದ್ಯಾಗಿರಿಯಲ್ಲಿ ಮನೆ. ಹಲ್ಲೆಲ್ಲ ಕೀಳಿಸಿಕೊಂಡ ಮೇಲೆ ಅತ್ತೆ ಅಲ್ಲಿಯೇ ಎರಡು ತಿಂಗಳು ಉಳಿದರು. ಆ ಎರಡು ತಿಂಗಳು ನನ್ನ ಜೀವನದ ಅತ್ಯಂತ ಸುಖದ ದಿನಗಳು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೆಯ್ಯುವಾಗ ಹಿಂದಿನಿಂದ ಯಾರೂ ನೋಡುತ್ತಿಲ್ಲ ಎನ್ನುವುದೇ ದೊಡ್ಡ ಸುಖ.

ಆಮೇಲೆ ಭಾವನ ಹೆಂಡತಿ, ನನ್ನ ಹಿರಿಯ ನೆಗೆಣ್ಣಿ, ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಳು. ಕಟ್ಟಿಸಿದ ಹಲ್ಲಿನ ಸೆಟ್ ಅತ್ತೆಗೆ ಒಗ್ಗಿರಲಿಲ್ಲ. ಹಾಕಿದರೆ ಒಸಡು ಕೊರೆಯುತ್ತದೆ ಎಂದು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಹಲ್ಲಿನ ಬದಲಿಗೆ ಇನ್ನೊಂದು ಬಂದಿತ್ತು. ನೆಗೆಣ್ಣಿ ಡಿಕ್ಕಿ ತೆರೆದು ಒಂದು ಪೆಟ್ಟಿಗೆ ಇಳಿಸಿದಳು. ಜ್ಯೂಸ್ ತೆಗೆಯುವ ಮಷಿನ್ನು. ಮೇಲಿನಿಂದ ಹಣ್ಣು ಹಾಕಿದರೆ ಮುಂದಿನ ಮೂತಿಯಿಂದ ತಿಳಿ ರಸ, ಹಿಂದಿನ ಡಬ್ಬಿಗೆ ಚರಟ. ಅದರ ಜೊತೆ ಒಂದು ಹಾಳೆ. ಬೆಳಿಗ್ಗೆ ದಾಳಿಂಬೆ, ಹನ್ನೊಂದಕ್ಕೆ ಗಜ್ಜರಿ ಮತ್ತು ಬೀಟ್‌ರೂಟ್, ಸಂಜೆ ದ್ರಾಕ್ಷಿ ಅಥವಾ ಮೋಸಂಬಿ. ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಎರಡು ಸಲ ಸೋಸಬೇಕು’ ಎಂದು ಬರೆದಿದ್ದಳು.

ಇದನ್ನು ಅವಳು ಮೊಬೈಲಿನಲ್ಲಿ ನೋಡಿ ಕಲಿತಿದ್ದಳು. ತಿಳಿ ರಸ ಕುಡಿದರೆ ಹೊಟ್ಟೆಗೆ ಕೆಲಸವಿಲ್ಲ, ಹಾಗೇ ರಕ್ತಕ್ಕೆ ಸೇರುತ್ತದೆ, ಮೈಯೊಳಗಿನ ಹೊಲಸೆಲ್ಲ ತೊಳೆದು ಹೋಗುತ್ತದೆ ಎಂದು ನಮ್ಮ ಪಡಸಾಲೆಯಲ್ಲಿ ನಿಂತು ವಿವರಿಸಿದಳು. ಅತ್ತೆಯ ಮುಖ ತುಂಬಿಕೊಂಡದ್ದು ನಿಜ. ಅವರು ಹಿರಿಯ ಸೊಸೆಯ ಕೈ ಹಿಡಿದುಕೊಂಡು, “ಎರಡ ತಿಂಗಳ ಹೂವಿನಂಗ ನೋಡಿಕೊಂಡ್ಳು ನನ್ನ,” ಎಂದು ನನ್ನ ಕಡೆ ನೋಡಿದರು. ಎರಡು ತಿಂಗಳು ನೋಡಿಕೊಂಡವಳು ಹೂವಿನಂಥ ಸೊಸೆ, ಇಪ್ಪತ್ಮೂರು ವರ್ಷ ನೋಡಿಕೊಂಡವಳು ಗುಡೂರಾಕಿ. ನಾನು ಚಹಾ ಮಾಡಲು ಒಳಗೆ ಹೋದೆ.

ಮೂರನೇ ದಿನ ಗುಳಿಗೆ ಮುಗಿದಿದ್ದವೆಂದು ಅತ್ತೆಯನ್ನು ಇಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ವರ್ಷಗಳಿಂದ ನಮ್ಮ ಓಣಿಯವರೆಲ್ಲ ಅವರ ದವಾಖಾನೆಗೇ ಹೋಗುವುದು. ರಕ್ತ ತೆಗೆದು ನೋಡಿದರೆ ಸಕ್ಕರೆ ಎಂದೂ ಇಲ್ಲದಷ್ಟು ಏರಿತ್ತು. ಏನು ತಿನ್ನುತ್ತಿದ್ದಾರೆ ಎಂದು ಕೇಳಿದರು. ನಾನು ನೆಗೆಣ್ಣಿಯ ಹಾಳೆಯನ್ನು ಮುಂದಿಟ್ಟೆ. ಮನಸ್ಸಿನೊಳಗೆ ಎಷ್ಟು ಖುಷಿಯಾಯಿತು ಎಂದು ಹೇಳಲಾರೆ.

ಡಾಕ್ಟರಮ್ಮ ಹಾಳೆ ಓದಿ ಪಕ್ಕಕ್ಕಿಟ್ಟರು. “ನೋಡ್ರಿ, ಹಣ್ಣಿನ್ಯಾಗ ಸಕ್ಕರೀನೂ ಐತಿ, ನಾರೂ ಐತಿ. ಆ ನಾರು ಸಕ್ಕರೀನ ನಿಧಾನ ಬಿಡತೈತಿ. ನೀವು ನಾರ ತಗದ ಚೆಲ್ಲಿ ಬರೇ ಸಕ್ಕರಿ ನೀರ ಕುಡಸಾಕತ್ತೀರಿ. ನಾಕ ಮೋಸಂಬಿ ಕೂತ ತಿನ್ನಾಕ ಆಗೂದಿಲ್ಲ, ಅದ ರಸ ಮಾಡಿದ್ರ ಒಂದ ಗುಟಕ.”

ಹಲ್ಲಿಲ್ಲವಲ್ಲ, ತಿನ್ನುವುದು ಹೇಗೆ ಎಂದು ಕೇಳಿದೆ. ಇಡೀ ಹಣ್ಣನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಕೊಡಿ, ಈಗಿನವರು ಸ್ಮೂದಿ ಅನ್ನುತ್ತಾರಲ್ಲ, ಹಾಗೆ, ಎಂದರು. ಸೋಸಬಾರದು. ಸಕ್ಕರೆ, ಬೆಲ್ಲ, ಜೇನು ಯಾವುದೂ ಬೇಡ. ಹಣ್ಣು ಸ್ವಲ್ಪ, ತರಕಾರಿ ಜಾಸ್ತಿ, ಜೊತೆಗೆ ಮೊಸರೋ ಮಜ್ಜಿಗೆಯೋ. ಅದೂ ದಿನಕ್ಕೆ ಒಂದು ಸಣ್ಣ ಗ್ಲಾಸು ಮಾತ್ರ. ರುಬ್ಬಿದ್ದು ಒಳ್ಳೆಯದೆಂದು ಎರಡು ಬಾಳೆಹಣ್ಣು ನಾಲ್ಕು ಖಜೂರ ಹಾಕಿದರೆ ಅದೂ ವಿಷವೇ ಎಂದರು. ಕೊನೆಗೆ ಇನ್ನೊಂದು ಮಾತು ಹೇಳಿದರು: ನೀರಡಿಕೆ ಜಾಸ್ತಿಯಾದರೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋದರೆ, ಕಣ್ಣು ಮಂಜಾದರೆ ತಡ ಮಾಡದೆ ಕರೆದುಕೊಂಡು ಬನ್ನಿ. ಈ ಮಾತನ್ನು ನಾನು ಕೇಳಿದ್ದೆ. ಚೆನ್ನಾಗಿ ನೆನಪಿಟ್ಟುಕೊಂಡೂ ಇದ್ದೆ. ಅತ್ತೆಗೆ ಆ ಹೊತ್ತಿಗೆ ಕಿವಿ ಸ್ವಲ್ಪ ಮಂದವಾಗಿತ್ತು. ಅವರಿಗೆ ಎಷ್ಟು ಕೇಳಿಸಿತೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದವಳೇ ಮಷಿನ್ನನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದೆ. ಮರುದಿನದಿಂದ ಬೆಳಿಗ್ಗೆ ಮಿಕ್ಸಿಯಲ್ಲಿ ಅರ್ಧ ಪೇರಲ ಹಣ್ಣು, ಒಂದು ಸೌತೆಕಾಯಿ, ಒಂದು ಹಿಡಿ ಮೆಂತ್ಯ ಸೊಪ್ಪು, ನೆನೆಸಿದ ಅಗಸೆ, ಮೇಲೆ ಮಜ್ಜಿಗೆ. ನಾರು ಹೆಚ್ಚಿರಲಿ ಎಂದು ಸೊಪ್ಪನ್ನು ಕಡ್ಡಿ ಸಮೇತ ಹಾಕುತ್ತಿದ್ದೆ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ. ಹಸಿರು ಗಟ್ಟಿ ಗಂಜಿಯಂಥದ್ದು ಗ್ಲಾಸಿನಲ್ಲಿ ಬೀಳುವಾಗ ಒಂದು ಸದ್ದು ಮಾಡುತ್ತಿತ್ತು. ಆ ಸದ್ದು ನನಗೆ ಹಿಡಿಸಿತ್ತು.

ಅತ್ತೆ ಮೊದಲ ಗುಟುಕನ್ನು ಬಚ್ಚಲಿಗೆ ಹೋಗಿ ಉಗುಳಿದರು. “ಏನಿದು? ಎಮ್ಮಿಗೆ ಇಡೂ ಮುಸುರಿ?”

ಡಾಕ್ಟರು ಬರೆದುಕೊಟ್ಟದ್ದು ಎಂದೆ. ಕುಡಿಯದಿದ್ದರೆ ಬೇರೆ ಏನೂ ಇಲ್ಲ ಎಂದೂ ಹೇಳಿದೆ. ಅವರು ಕುಡಿದರು. ಕುಡಿಯುವಾಗ ನಾನು ಎದುರಿಗೆ ನಿಂತುಕೊಳ್ಳುತ್ತಿದ್ದೆ. ಪೇರಲದ ಬೀಜ ಒಸಡಿಗೆ ಚುಚ್ಚುತ್ತವೆ, ಸೋಸಿ ಕೊಡು ಎಂದು ಒಂದು ದಿನ ಕೇಳಿದರು. ಬೇಡಿಕೊಂಡರು ಎಂದೇ ಹೇಳಬೇಕು. ಸೋಸಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದೆ. ಬೀಜವನ್ನು ಚಮಚದಿಂದ ತೆಗೆದು ರುಬ್ಬಬಹುದಿತ್ತು. ಅದು ನನಗೆ ಆಗಲೂ ಗೊತ್ತಿತ್ತು.

ಹೀಗೆ ಹದಿನೈದು ದಿನ ನಡೆಯಿತು. ಅತ್ತೆಯ ಸಕ್ಕರೆ ಇಳಿಯಿತು. ನನ್ನ ಮೇಲಿನ ಮಾತು ಏರಿತು. ಸಣ್ಣ ಸೊಸೆ ಹಣ್ಣಿನ ರಸ ಬಂದ್ ಮಾಡಿ ಮುಸುರೆ ಕುಡಿಸುತ್ತಿದ್ದಾಳೆ ಎಂದು ಓಣಿಗೆಲ್ಲ ಗೊತ್ತಾಯಿತು. ವಿದ್ಯಾಗಿರಿಯಿಂದ ನೆಗೆಣ್ಣಿ ಫೋನ್ ಮಾಡಿ, ನಾನು ಕೊಟ್ಟ ಮಷಿನ್ನು ಅಟ್ಟಕ್ಕೆ ಹಾಕಿದೆಯಂತೆ, ನನ್ನ ಮೇಲಿನ ಸಿಟ್ಟನ್ನು ಹಿರಿಯರ ಹೊಟ್ಟೆಯ ಮೇಲೆ ತೀರಿಸಬೇಡ ಎಂದಳು. ಸಕ್ಕರೆ ಏರಿತ್ತು ಅಕ್ಕಾರ ಎಂದರೆ, ಹಣ್ಣಿನ ಸಕ್ಕರೆ ಬೇರೆ, ಅಂಗಡಿ ಸಕ್ಕರೆ ಬೇರೆ, ನಿನಗೆ ಅದೆಲ್ಲ ತಿಳಿಯುವುದಿಲ್ಲ ಎಂದು ಫೋನ್ ಇಟ್ಟಳು. ನನ್ನ ಗಂಡ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು. ಮಗ್ಗಗಳ ಸದ್ದಿನಲ್ಲಿ ದಿನವಿಡೀ ನಿಂತು ಬಂದವರಿಗೆ ಮನೆಯ ಸದ್ದು ಬೇಡವಾಗಿತ್ತು. ಸ್ವಲ್ಪ ಸಿಹಿ ಮಾಡಿ ಕೊಡಬಾರದೇ ಎಂದಷ್ಟೇ ಅವರು ಕೇಳಿದ್ದು.

ಹದಿನಾರನೇ ದಿನ ಮಧ್ಯಾಹ್ನ ನಾನು ಮಗ್ಗದಲ್ಲಿದ್ದೆ. ಮಗ್ಗದ ಪಕ್ಕದ ಕಿಟಕಿ ಬೀದಿಯ ಕಡೆಗಿದೆ, ಕೆಳಗೆ ಕಟ್ಟೆ. ಅತ್ತೆ ಕಟ್ಟೆಯ ಮೇಲೆ ಓಣಿಯ ಇಬ್ಬರು ಮೂವರು ಹೆಂಗಸರ ಜೊತೆ ಕೂತಿದ್ದರು. ಸೊಸೆ ಕೊಡುವ ಹಸಿರು ನೀರಿನ ಬಗ್ಗೆ ಯಾರೋ ಕೇಳಿದರು. ಅತ್ತೆಯ ದನಿ ಸ್ಪಷ್ಟವಾಗಿ ಒಳಗೆ ಬಂತು.

“ಗುಡೂರಾಕಿಯಿಂದ ಮತ್ತೇನ ಸಿಗತೈತಿ? ತನ್ನ ಹಡದವ್ವನ ಬಾಯಿಗೆ ಒಂದ ಹನಿ ನೀರ ಬಿಡಾಕ ಆಗಲಿಲ್ಲ ಅಕಿಗೆ. ನನ್ನ ಬಾಯಿಗೆ ಮುಸುರಿ ಹಾಕ್ತಾಳ.”

ಹೆಂಗಸರು ಮಾತು ಬದಲಿಸಿದರು. ಅವರಿಗೂ ಆ ಸೀರೆಯ ಕಥೆ ಗೊತ್ತು. ನಾನು ಲಾಳಿಯನ್ನು ಕೆಳಗಿಟ್ಟೆ. ಅಳು ಬರಲಿಲ್ಲ. ಏಣಿ ಹಚ್ಚಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಮಷಿನ್ನನ್ನು ಬಿಚ್ಚಿ ಒಂದೊಂದೇ ಭಾಗ ತೊಳೆದು ಬಿಸಿಲಿಗಿಟ್ಟೆ. ನೆಗೆಣ್ಣಿಯ ಹಾಳೆಯನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿದೆ. ಸಂಜೆ ಬಜಾರಿಗೆ ಹೋಗಿ ಕರಿ ದ್ರಾಕ್ಷಿ, ದಾಳಿಂಬೆ, ಮೋಸಂಬಿ ಚೀಲ ತುಂಬ ತಂದೆ.

ಮರುದಿನ ಬೆಳಿಗ್ಗೆ ದಾಳಿಂಬೆಯ ರಸವನ್ನು ಎರಡು ಸಲ ಸೋಸಿ ದೊಡ್ಡ ಗ್ಲಾಸಿನಲ್ಲಿ ತುಂಬಿ ಅತ್ತೆಯ ಮುಂದಿಟ್ಟೆ. ಅವರು ಗ್ಲಾಸನ್ನೂ ನನ್ನನ್ನೂ ನೋಡಿದರು. “ಯಾಕ, ಡಾಕ್ಟರು ಬ್ಯಾಡ ಅಂದಿದ್ರಲ್ಲ?” ಎಂದು ಕೇಳಿದರು.

“ನೀವು ಬೇಕಂದ್ರಲ್ರಿ,” ಎಂದೆ.

ಕುಡಿದರು. ನಿಧಾನವಾಗಿ, ತುಟಿ ಚಪ್ಪರಿಸುತ್ತ. ನಾನು ಏನು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಡಾಕ್ಟರ ಮಾತು ತಿಳಿಯದ ಪೆದ್ದಿ ನಾನಲ್ಲ. ಕೇಳಿದ್ದನ್ನು ಕೊಟ್ಟರೆ ಯಾರೂ ನನ್ನದು ತಪ್ಪು ಎನ್ನಲಾರರು, ಕೊಟ್ಟದ್ದೇ ಅವರನ್ನು ತಿಂದರೆ ಅದಕ್ಕೆ ನಾನು ಹೊಣೆಯಲ್ಲ. ಹೀಗೆ ಲೆಕ್ಕ ಹಾಕಿಯೇ ಕೊಟ್ಟೆ.

ದಿನಕ್ಕೆ ಮೂರು ಗ್ಲಾಸು. ಹಿಂದಿನ ಡಬ್ಬಿಯಲ್ಲಿ ತುಂಬುವ ಚರಟವನ್ನು ಪಕ್ಕದ ಮನೆಯವರ ಆಡಿಗೆ ಹಾಕುತ್ತಿದ್ದೆ. ಆಡು ಮೈ ತುಂಬಿಕೊಂಡು ಹೊಳೆಯತೊಡಗಿತು. ಹಣ್ಣಿನ ಒಳ್ಳೆಯದೆಲ್ಲ ಅದಕ್ಕೆ, ಸಿಹಿಯೆಲ್ಲ ಅತ್ತೆಗೆ. ಓಣಿಯಲ್ಲಿ ನನ್ನ ಹೆಸರು ಒಮ್ಮೆಲೇ ಸುಧಾರಿಸಿತು. ಕಟ್ಟೆಯ ಹೆಂಗಸರು, ಎಂಥ ಸೊಸೆ, ಮೂರು ಹೊತ್ತು ಹಣ್ಣಿನ ರಸ ಕೊಡುತ್ತಾಳೆ ಎಂದರು. ನೆಗೆಣ್ಣಿ ಫೋನ್ ಮಾಡಿ, ಈಗಲಾದರೂ ಬುದ್ಧಿ ಬಂತಲ್ಲ ಎಂದು ಮೆಚ್ಚಿಕೊಂಡಳು. ಇಪ್ಪತ್ಮೂರು ವರ್ಷದಲ್ಲಿ ಆ ಮನೆಯಿಂದ ನನಗೆ ಬಂದ ಮೊದಲ ಹೊಗಳಿಕೆ ಅದು. ಗಂಡ ಊಟದ ಹೊತ್ತಿಗೆ ನಗುತ್ತ ಮಾತಾಡಿದರು. ಅಷ್ಟು ಸುಲಭ ಇತ್ತು ಒಳ್ಳೆಯವಳಾಗುವುದು.

ಆರನೇ ದಿನದ ಹೊತ್ತಿಗೆ ಅತ್ತೆಗೆ ನೀರಡಿಕೆ ಹತ್ತಿಕೊಂಡಿತು. ಚೆಂಬು ಪಕ್ಕದಲ್ಲೇ ಇರಬೇಕು. ಮೇಲಿಂದ ಮೇಲೆ ಬಚ್ಚಲಿಗೆ ಏಳುತ್ತಿದ್ದರು. ಬಾಯಿ ಒಣಗುತ್ತದೆ ಎಂದು ಇನ್ನೊಂದು ಗ್ಲಾಸು ರಸ ಕೇಳಿದರು. ಕೊಟ್ಟೆ. ರಸ ಕುಡಿದಷ್ಟೂ ಬಾಯಿ ಒಣಗಿತು, ಒಣಗಿದಷ್ಟೂ ರಸ ಕೇಳಿದರು. ಮೂರಿದ್ದದ್ದು ಐದಾಯಿತು. ಡಾಕ್ಟರಮ್ಮ ಹೇಳಿದ ಮಾತುಗಳು ಒಂದೊಂದಾಗಿ ನನ್ನ ಕಣ್ಣ ಮುಂದೆ ನಡೆಯುತ್ತಿದ್ದವು. ಒಂದೆರಡು ಸಲ ನನ್ನ ಕೈ ಮಷಿನ್ನಿನ ಗುಂಡಿಯ ಮೇಲೆ ನಿಂತಿತು. ಆಗೆಲ್ಲ ಕಟ್ಟೆಯ ಮೇಲೆ ಅವರು ಆಡಿದ ಮಾತನ್ನು ನೆನೆಸಿಕೊಂಡು ಒತ್ತಿದೆ.

ಹನ್ನೊಂದನೇ ದಿನ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದರು. ಐವತ್ತು ವರ್ಷ ಮಾಡಿದ ಕೆಲಸ, ಕಣ್ಣು ಮುಚ್ಚಿ ಮಾಡುತ್ತಾರೆ. ನಾನು ಮಗ್ಗದ ಕುಣಿಯಲ್ಲಿದ್ದೆ. ನೋಡುತ್ತಿದ್ದಂತೆ ಅವರ ಕೈ ನೂಲಿನ ಎಳೆಯನ್ನು ಹುಡುಕತೊಡಗಿತು. ಎಳೆ ಅವರ ಮೊಣಕಾಲ ಮೇಲೇ ಬಿದ್ದಿತ್ತು, ಅವರು ಗಾಳಿಯಲ್ಲಿ ಹುಡುಕುತ್ತಿದ್ದರು. ಆಮೇಲೆ ತಲೆ ಒಂದು ಕಡೆಗೆ ವಾಲಿತು, ಹಾಗೇ ಗೋಡೆಗೆ ಒರಗಿ ಜಾರಿದರು.

ನಾನು ಲಾಳಿ ಎಸೆದೆ. ಇನ್ನೊಮ್ಮೆ ಎಸೆದೆ. ಹತ್ತು ಸಲ ಎಸೆದೆ. ಎಣಿಸಿದ್ದೇನೆ, ಅದಕ್ಕೇ ಗೊತ್ತು. ಹತ್ತು ಎಳೆ ನೆಯ್ಯಲು ಎಷ್ಟು ಹೊತ್ತು ಬೇಕು ಎಂದು ನೇಕಾರರಿಗೆ ಕೇಳಿ ನೋಡಿ, ಬಹಳ ಹೊತ್ತೇನೂ ಬೇಕಿಲ್ಲ. ಆದರೆ ಒಬ್ಬ ಹೆಂಗಸು ಕಣ್ಣ ಮುಂದೆ ಬಿದ್ದಿರುವಾಗ ಅದು ಬಹಳ ಹೊತ್ತೇ. ಹತ್ತನೆಯದಕ್ಕೆ ಎಳೆ ಹರಿಯಿತು. ಗಂಟು ಹಾಕಲು ಬಗ್ಗಿದವಳು ಮೇಲಕ್ಕೆದ್ದೆ. ಯಾಕೆ ಎದ್ದೆ ಎಂದು ಈಗಲೂ ಹೇಳಲಾರೆ. ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆಯಾಯಿತು ಎಂದರೆ ಹೆಚ್ಚು ಸರಿ.

ಪಕ್ಕದ ಮನೆಯವಳನ್ನು ಕೂಗಿ, ಇಬ್ಬರೂ ಸೇರಿ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರಮ್ಮನ ದವಾಖಾನೆಗೆ ಹೋದೆವು. ಗಂಡ ಶೆಡ್ಡಿನಿಂದ ನೇರವಾಗಿ ಅಲ್ಲಿಗೇ ಬಂದರು. ಸಲೈನ್ ಹಚ್ಚಿದರು, ಸೂಜಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು, ಹದಿನೈದು ದಿನದ ಹಿಂದೆ ಇಳಿದಿದ್ದ ಸಕ್ಕರೆ ಇಷ್ಟು ಹೇಗೆ ಏರಿತು ಎಂದು ಕೇಳಿದರು. ಗಂಡ, ಏನೂ ತಿಂದಿಲ್ಲ, ಬರೀ ಹಣ್ಣಿನ ರಸ ಕುಡಿದಿದ್ದಾರೆ, ಇವಳೇ ಮೂರು ಹೊತ್ತು ಮಾಡಿಕೊಡುತ್ತಾಳೆ ಎಂದು ಹೆಮ್ಮೆಯಿಂದ ಹೇಳಿದರು.

ಡಾಕ್ಟರಮ್ಮ ನನ್ನನ್ನೇ ನೋಡಿದರು. “ನಾ ನಿಮಗ ಹೇಳಿದ್ದೆ ಅಲ್ಲ?”

“ಹೇಳಿದ್ರಿ,” ಎಂದೆ. “ಗೊತ್ತಿದ್ದ ಕೊಟ್ಟೇನ್ರಿ.”

ಮರೆತಿದ್ದೆ ಎನ್ನಬಹುದಿತ್ತು. ಅತ್ತೆ ಹಟ ಮಾಡಿದರು ಎನ್ನಬಹುದಿತ್ತು, ಅದು ಅರ್ಧ ನಿಜವೂ ಹೌದು. ಬಾಯಿಗೆ ಬಂದದ್ದು ಮಾತ್ರ ಇದು. ಡಾಕ್ಟರಮ್ಮ ನನ್ನಿಂದ ಮುಖ ತಿರುಗಿಸಿ, ಚೀಟಿಯಲ್ಲಿ ಔಷಧಿ ಬರೆದು ಗಂಡನ ಕೈಗೆ ಕೊಟ್ಟರು. ಗಂಡ ಬೆಂಚಿನ ಮೇಲೆ ಕೂತವರು ನನ್ನಿಂದ ಆಚೆ ಸರಿದು ಕೂತರು. ಅಂದಿನಿಂದ ಒಂದು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ. ತಾವೇ ಬಡಿಸಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ನೆಗೆಣ್ಣಿ ಬಾಗಲಕೋಟೆಯಿಂದ ಬಂದಳು. ನನ್ನ ಗಂಡನಿಂದ ಎಲ್ಲ ಕೇಳಿಕೊಂಡೇ ಬಂದಿದ್ದಳು. ಅತ್ತೆಯ ಮಂಚದ ಪಕ್ಕದಲ್ಲಿ ನಿಂತು, ನೀನು ಕೊಲ್ಲಲು ನೋಡಿದೆ, ಸ್ಟೇಷನ್ನಿಗೆ ಹೋಗುತ್ತೇನೆ ಎಂದು ಕೂಗಿದಳು. ಪಕ್ಕದ ಮಂಚದವರೆಲ್ಲ ಎದ್ದು ಕೂತರು. ನನಗೂ ತಡೆಯಲಾಗಲಿಲ್ಲ.

“ಹೋಗ್ರಿ ಅಕ್ಕಾರ. ಹೋಗುವಾಗ ನಿಮ್ಮ ಮಷಿನ್ನು, ನಿಮ್ಮ ಕೈಲೆ ಬರದ ಹಾಳಿ, ಎರಡೂ ಒಯ್ರಿ. ನಾ ಹನ್ನೊಂದ ದಿನ ಕೊಟ್ಟೇನಿ, ನೀವು ಎರಡ ತಿಂಗಳ ಕೊಟ್ಟೀರಿ.”

“ನನಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು.”

ಅವಳು ನನಗೆ ಆಡಿದ ಮಾತುಗಳಲ್ಲಿ ಅದೊಂದೇ ಸರಿಯಾದ ಮಾತು, ಅದಕ್ಕಾಗಿಯೇ ಅವಳನ್ನು ಇನ್ನೂ ಹೆಚ್ಚು ದ್ವೇಷಿಸಿದೆ. ನರ್ಸ್ ಬಂದು ಇಬ್ಬರನ್ನೂ ಹೊರಗೆ ಕಳಿಸಿದಳು. ಸಂಜೆಯ ಹೊತ್ತಿಗೆ ನೆಗೆಣ್ಣಿ ಮಕ್ಕಳ ಪರೀಕ್ಷೆ ಇದೆ ಎಂದು ಹೊರಟಳು. ಅತ್ತೆಯನ್ನು ವಿದ್ಯಾಗಿರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳೂ ಅನ್ನಲಿಲ್ಲ, ಭಾವನೂ ಅನ್ನಲಿಲ್ಲ.

ಗಂಡ ಔಷಧಿ ತರಲು ಹೋಗಿದ್ದಾಗ ಅತ್ತೆ ಕಣ್ಣು ಬಿಟ್ಟರು. ಕೋಣೆಯಲ್ಲಿ ನಮ್ಮ ಹತ್ತಿರ ಯಾರೂ ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಅವರು ಛಾವಣಿಯನ್ನು ನೋಡುತ್ತ ಮಾತಾಡಿದರು.

“ಡಾಕ್ಟರು ಅವತ್ತ ಹೇಳಿದ್ದು ನನಗೂ ಕೇಳಿಸಿತ್ತು. ಮೊದಲನೇ ದಿನಾನ ಗೊತ್ತಾತು, ನೀ ಯಾಕ ಕೊಡಾಕತ್ತಿ ಅಂತ.”

“ಮತ್ತ ಯಾಕ ಕುಡಿದ್ರಿ?”

“ಸಿಹಿ ಇತ್ತು,” ಅಂದರು. ತುಟಿ ಸವರಿಕೊಂಡು, “ನೀ ಎಲ್ಲೀತನಕ ಹೋಗ್ತಿ ನೋಡೂಣಂತನೂ ಕುಡಿದೆ. ಭಾಳ ದೂರ ಹೋಗ್ತಿ ನೀ,” ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಮಗ್ಗದ ಕೆಲಸ ನೋಡಿ ಇಷ್ಟು ಬಿಗಿ, ಇಷ್ಟು ಸಡಿಲ ಎಂದು ಹೇಳುವ ದನಿಯೇ. ಸಲೈನಿನ ಹನಿ ಬೀಳುತ್ತಿತ್ತು. ಅವರು ಇನ್ನೊಂದು ಮಾತು ಹೇಳಿದರು, ಅದನ್ನು ನಾನು ಅವರಿಂದ ಕೇಳುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ.

“ಆ ಸೆರಗ ನಾನೂ ಮುಗಸಬಹುದಿತ್ತು.”

“ಹೌದ್ರಿ,” ಎಂದೆ. “ಮುಗಸಬಹುದಿತ್ತು.”

ಅಷ್ಟೇ. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಗಂಡ ಔಷಧಿಯ ಚೀಲ ಹಿಡಿದು ಬಂದರು. ಅತ್ತೆ ಗೋಡೆಯ ಕಡೆಗೆ ಹೊರಳಿದರು.

ಐದನೇ ದಿನ ಮನೆಗೆ ಕರೆದುಕೊಂಡು ಬಂದೆವು. ಈಗ ಗುಳಿಗೆಯ ಜೊತೆ ಸೂಜಿಯೂ ಸೇರಿತು. ಹೊಟ್ಟೆಗೆ ಸೂಜಿ ಚುಚ್ಚುವುದನ್ನು ನರ್ಸ್ ನನಗೇ ಕಲಿಸಿದಳು, ಬೇರೆ ಯಾರೂ ಕಲಿಯಲು ಮುಂದೆ ಬರಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ಸೀರೆ ಸರಿಸಿ ಹೊಟ್ಟೆ ತೋರಿಸಿ ಮುಖ ತಿರುಗಿಸುತ್ತಾರೆ. ನಾನು ಚುಚ್ಚುತ್ತೇನೆ. ನನ್ನ ಕೈಯಲ್ಲಿ ಸೂಜಿ ಕೊಟ್ಟು ಹೀಗೆ ಮುಖ ತಿರುಗಿಸಲು ಧೈರ್ಯ ಬೇಕು. ಅವರಿಗೆ ಅದು ಇದೆ. ಇದನ್ನು ಮೆಚ್ಚುಗೆ ಎಂದು ಯಾರೂ ತಿಳಿಯಬೇಡಿ.

ಮಷಿನ್ನನ್ನು ಬಾಗಲಕೋಟೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದೆ. ನೆಗೆಣ್ಣಿಯ ಮನೆಯಲ್ಲಿ ಈಗಲೂ ಬೆಳಿಗ್ಗೆ ರಸ ಸೋಸುತ್ತಾರಂತೆ. ಯಾರಾದರೂ ಕೇಳಿದರೆ ನಾನು ಡಾಕ್ಟರಮ್ಮ ಹೇಳಿದ್ದನ್ನೇ ಹೇಳುತ್ತೇನೆ. ಹಲ್ಲಿದ್ದವರು ಹಣ್ಣು ಕಚ್ಚಿ ತಿನ್ನಿ. ಹಲ್ಲಿಲ್ಲದಿದ್ದರೆ ಇಡಿಯಾಗಿ ರುಬ್ಬಿ ಸ್ವಲ್ಪ ಕುಡಿಯಿರಿ. ಸೋಸಿದ ರಸ ನಾಲಿಗೆಗೆ ಮಾತ್ರ.

ಜಗಳ ನಿಂತಿಲ್ಲ. ಮಿಕ್ಸಿಯ ಸದ್ದು ಕೇಳಿದೊಡನೆ ಅತ್ತೆಯ ಮುಖ ಗಂಟಿಕ್ಕುತ್ತದೆ. ಮುಸುರೆ ಎನ್ನುವ ಮಾತೂ ನಿಂತಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಒಂದೇ ಒಂದು ಖಜೂರ ಹಾಕು ಎಂದರು. ಆಗುವುದಿಲ್ಲ ಎಂದೆ. ನನ್ನ ಮಗನ ದುಡಿಮೆಯ ಖಜೂರ, ನಿನ್ನ ತವರಿನದಲ್ಲ ಎಂದರು. ನಿಮ್ಮ ಮಗನಿಗೇ ಕೇಳಿ, ಅವರು ಕೊಟ್ಟರೆ ನನ್ನದೇನೂ ಇಲ್ಲ ಎಂದೆ. ಗಂಡ ತಲೆ ಎತ್ತದೆ ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದರು. ಅತ್ತೆ ಅರ್ಧ ಗ್ಲಾಸು ಕುಡಿದು, ಉಳಿದ ಅರ್ಧದ ಸಮೇತ ಗ್ಲಾಸನ್ನು ನೆಲಕ್ಕೆ ಕುಕ್ಕಿ ಎದ್ದು ಹೋದರು.

ಚೆಲ್ಲಲು ಬಚ್ಚಲಿಗೆ ಒಯ್ದವಳು ಏನನ್ನಿಸಿತೋ ಆ ಅರ್ಧ ಗ್ಲಾಸನ್ನು ನಾನೇ ಬಾಯಿಗಿಟ್ಟೆ. ಇಷ್ಟು ತಿಂಗಳಲ್ಲಿ ಅದರ ರುಚಿಯನ್ನು ನಾನು ನೋಡಿಯೇ ಇರಲಿಲ್ಲ. ಕಹಿ, ಗಂಟಲಿಗೆ ಅಂಟುವ ಲೋಳೆ, ನಡುನಡುವೆ ಕಲ್ಲಿನ ಹರಳಿನಂಥ ಬೀಜ. ಎರಡನೇ ಗುಟುಕು ಒಳಗೆ ಹೋಗಲಿಲ್ಲ. ಮುಖ ತೊಳೆದುಕೊಂಡು ಬಂದು ಮಗ್ಗದಲ್ಲಿ ಕುಳಿತೆ. ಬಹಳ ಹೊತ್ತು ಬಾಯಿಂದ ಆ ಕಹಿ ಹೋಗಲಿಲ್ಲ.

ಮರುದಿನ ಪೇರಲವನ್ನು ಹೆಚ್ಚಿ ಚಮಚದಿಂದ ಬೀಜ ತೆಗೆದೆ. ಮೆಂತ್ಯ ಸೊಪ್ಪನ್ನು ಕಡ್ಡಿ ಬಿಡಿಸಿ ನಾಲ್ಕೆಲೆ ಮಾತ್ರ ಹಾಕಿದೆ. ಜೀರಿಗೆ ಹುರಿದು ಪುಡಿ ಮಾಡಿ, ಚಿಟಿಕೆ ಉಪ್ಪು ಉದುರಿಸಿ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ನಿಲ್ಲಿಸಿದರು. ನಾಲಿಗೆಯಿಂದ ಒಸಡನ್ನು ಸವರಿ ನೋಡಿಕೊಂಡರು. ನಾನು ಎದುರಿಗೆ ನಿಲ್ಲದೆ ಗಮನವಿಲ್ಲದವಳಂತೆ ಪಾತ್ರೆ ಜೋಡಿಸುತ್ತಿದ್ದೆ. ಪೂರ್ತಿ ಕುಡಿದು ಗ್ಲಾಸನ್ನು ಕೆಳಗಿಟ್ಟರು.

“ಮಜ್ಜಿಗಿ ಹುಳಿ ಬಂದೈತಿ,” ಅಂದರು.